ಕಿಹಿಮ್ ಕಡಲತೀರದಲ್ಲಿ ಸಲೀಂ ಅಲಿ

ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾದ ಕಟ್ಟೆಯ ಮೇಲೆ ನಿಂತು ಆಗ್ನೇಯ ದಿಕ್ಕಿಗೆ ದೃಷ್ಟಿ ಹಾಯಿಸಿದರೆ, ಲಂಗರು ಹಾಕಿದ ಹಡಗುಗಳ ಆಚೆಗೆ ಮಸುಕಾದ ನೆಲದ ಗೆರೆಯೊಂದು ಕಾಣುತ್ತದೆ. ಅದು ರಾಯಗಡ ಜಿಲ್ಲೆಯ ಅಲಿಬಾಗ ತಾಲೂಕಿನ ಕರಾವಳಿ. ಲಾಂಚನ್ನೇರಿ ಸುಮಾರು ಒಂದು ತಾಸು ನೀರಿನ ಮೇಲೆ ಸಾಗಿದರೆ ಮಾಂಡವಾ ಬಂದರು. ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಕಿಹಿಮ್ ಎಂಬ ಹಳ್ಳಿ. ತೆಂಗು, ಅಡಿಕೆಯ ತೋಟಗಳು, ತೋಟಗಳ ಹಿಂದೆ ಭತ್ತದ ಗದ್ದೆಗಳು, ಮುಂದೆ ಗಾಳಿಮರಗಳ ಸಾಲು, ಅದರಾಚೆ ಉದ್ದನೆಯ ಮರಳು ದಂಡೆ. ಉಡುಪಿ, ಕುಂದಾಪುರಗಳ ಕಡೆಯಿಂದ ಬಂದವರಿಗೆ ಊರಿಗೇ ಮರಳಿದಂತೆ ಭಾಸವಾಗುವ ಸ್ಥಳವಿದು. ನಾವೂ ಆ ಕಡೆಯವರೇ.

ಮಳೆಗಾಲ ಕಳೆದು ಲಾಂಚುಗಳು ಮತ್ತೆ ಓಡಾಡತೊಡಗಿದ ಮೇಲೆ, ಅಕ್ಟೋಬರ್ ತಿಂಗಳಲ್ಲಿ ನಾವು ಎಂಟನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಮಕ್ಕಳು ಏಡಿಗಳ ಬೆನ್ನಟ್ಟಿದರು, ಚಿಪ್ಪುಗಳನ್ನು ಆಯ್ದರು, ಕೆಲವರು ಉಟ್ಟ ಬಟ್ಟೆಯಲ್ಲೇ ನೀರಿಗಿಳಿದು ನಮ್ಮಿಂದ ಬೈಸಿಕೊಂಡರು. ಹಿಂದಿರುಗುವ ದಾರಿಯಲ್ಲಿ ಒಬ್ಬ ಹುಡುಗಿ ಮರದ ಬುಡದಲ್ಲಿ ಬಿದ್ದಿದ್ದ ವಸ್ತುವೊಂದನ್ನು ಎತ್ತಿ ತಂದಳು. ಹುಲ್ಲಿನ ಎಳೆಗಳಿಂದ ನೇಯ್ದ, ಕೆಳಗೆ ತೆರೆದ, ಚಿಕ್ಕ ಟೊಪ್ಪಿಗೆಯಂತಹ ಅರೆಗೂಡು. ಗೀಜಗನ ಗೂಡೆಂದು ನಾವು ಕೂಡಲೆ ಗುರುತಿಸಿದೆವು. ತಲೆಯೆತ್ತಿ ನೋಡಿದರೆ ಮರದ ಮೇಲೆ ಉದ್ದ ಕೊಳವೆಯ ಪೂರ್ಣವಾದ ಗೂಡುಗಳೂ ತೂಗುತ್ತಿದ್ದವು. ಅವುಗಳ ನಡುವೆ ಇಂತಹ ಅರೆಗೂಡುಗಳೂ ಇದ್ದವು. ಇದನ್ನು ಹಕ್ಕಿ ಅರ್ಧಕ್ಕೇ ಏಕೆ ಬಿಟ್ಟಿತು ಎಂದು ಹುಡುಗಿ ಕೇಳಿದಳು. ಬಾಲ್ಯದಲ್ಲಿ ಊರಿನ ಹಿರಿಯರಿಂದ ಕೇಳಿದ್ದನ್ನೇ ನಾವು ಹೇಳಿದೆವು: ಹೆಣ್ಣು ಪೂರ್ಣವಾದ ಗೂಡಿನೊಳಗೆ ಮೊಟ್ಟೆಗಳ ಮೇಲೆ ಕುಳಿತಿರುವಾಗ ಗಂಡು ಮಳೆಯಿಂದ ಮರೆಯಾಗಿ ಕೂರಲು ಈ ಉಯ್ಯಾಲೆಯನ್ನು ಕಟ್ಟಿಕೊಳ್ಳುತ್ತದೆ ಎಂದು. ಮಕ್ಕಳು ಒಪ್ಪಿದರು. ಉಪಾಧ್ಯಾಯರು ಹೇಳಿದರೆ ಒಪ್ಪದೆ ಏನು ಮಾಡುತ್ತಾರೆ?

ಮನೆಗೆ ಬಂದು ಪುಸ್ತಕಗಳನ್ನು ತೆರೆದಾಗ ನಮ್ಮ ಉತ್ತರವು ತಪ್ಪೆಂದು ತಿಳಿಯಿತು. ಅಷ್ಟೇ ಅಲ್ಲ, ಅದು ತಪ್ಪೆಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರು ಅದೇ ಕಿಹಿಮ್ ಹಳ್ಳಿಯಲ್ಲಿ, 1930ರ ಸುಮಾರಿಗೆ, ಒಂದು ಮಳೆಗಾಲವೆಲ್ಲ ಗೀಜಗಗಳನ್ನು ನೋಡುತ್ತ ಕುಳಿತಿದ್ದರೆಂದೂ ತಿಳಿಯಿತು. ಅವರೇ ಭಾರತದ ಪಕ್ಷಿಶಾಸ್ತ್ರಜ್ಞರಲ್ಲಿ ಅಗ್ರಗಣ್ಯರಾದ ಡಾಕ್ಟರ್ ಸಲೀಂ ಅಲಿಯವರು. ನಾವು ಕಾಲಿಟ್ಟ ನೆಲದ ಮೇಲೆಯೇ ನಡೆದ ಶೋಧವನ್ನು ಅರಿಯದೆ, ಅದೇ ನೆಲದ ಮೇಲೆ ನಿಂತು ಮಕ್ಕಳಿಗೆ ತಪ್ಪು ಪಾಠವನ್ನು ಹೇಳಿದ್ದೆವು. ಆ ತಪ್ಪನ್ನು ತಿದ್ದುವ ನಿಮಿತ್ತವಾಗಿಯೇ ಈ ಜೀವನಚರಿತ್ರೆಯನ್ನು ಬರೆಯುತ್ತಿದ್ದೇವೆ.

ಸಲೀಂ ಅಲಿಯವರು ಮುಂಬಯಿಯವರು. ಜನನ 1896ನೆಯ ಇಸವಿ ನವೆಂಬರ್ 12ರಂದು. ದೊಡ್ಡ ಕುಟುಂಬದ ಕೊನೆಯ ಮಗು. ಒಂದು ವರ್ಷ ತುಂಬುವಷ್ಟರಲ್ಲಿ ತಂದೆಯನ್ನೂ, ಮೂರು ವರ್ಷ ತುಂಬುವಷ್ಟರಲ್ಲಿ ತಾಯಿಯನ್ನೂ ಕಳೆದುಕೊಂಡ ಈ ಶಿಶುವನ್ನೂ ಅದರ ಅಣ್ಣ ಅಕ್ಕಂದಿರನ್ನೂ ಸೋದರಮಾವನಾದ ಅಮೀರುದ್ದೀನ್ ತೈಯಬ್ಜಿಯವರೂ ಅವರ ಪತ್ನಿ ಹಮೀದಾ ಬೇಗಂ ಅವರೂ ಸಾಕಿದರು. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಮನೆಯಿದ್ದುದು ಖೇತವಾಡಿಯಲ್ಲಿ. ಗಿರಗಾಂವದಿಂದ ನಮ್ಮ ಶಾಲೆಗೆ ಬರುವ ಮಕ್ಕಳಿಗೆ ಆ ಗಲ್ಲಿಗಳ ಪರಿಚಯವಿರಲೇಬೇಕು. ಈಗ ಅಲ್ಲಿ ಕಾಗೆ ಪಾರಿವಾಳಗಳ ಹೊರತು ಮತ್ತಾವ ಹಕ್ಕಿಯಿದೆ ಎಂದು ನೀವು ಕೇಳಬಹುದು.

ಮಾವನು ಬೇಟೆಗಾರನಾಗಿದ್ದನು, ಹುಡುಗನ ಕೈಗೂ ಒಂದು ಗಾಳಿಕೋವಿ ಬಂದಿತು. ಹತ್ತು ಹನ್ನೆರಡು ವರ್ಷದ ಬಾಲಕ ಸಲೀಮನು ಒಂದು ದಿನ ಗುಬ್ಬಿಯೊಂದನ್ನು ಹೊಡೆದು ಕೆಡವಿದನು. ಕೈಗೆತ್ತಿಕೊಂಡಾಗ ಅದರ ಕತ್ತಿನ ಮೇಲೆ ಹಳದಿಯ ಮಚ್ಚೆಯೊಂದು ಕಂಡಿತು. ಮನೆಯ ಸೂರಿನಲ್ಲಿ ಗೂಡು ಕಟ್ಟುವ ಗುಬ್ಬಿಗೆ ಈ ಹಳದಿ ಇರುವುದಿಲ್ಲ. ಇದು ಯಾವ ಹಕ್ಕಿಯೆಂದು ಮಾವನನ್ನು ಕೇಳಿದನು. ಮಾವನಿಗೆ ತಿಳಿದಿರಲಿಲ್ಲ. ತಿಳಿಯದೆಂದು ಸುಮ್ಮನಾಗದೆ, ನಮ್ಮಂತೆ ಬಾಯಿಗೆ ಬಂದ ಉತ್ತರವನ್ನೂ ಕೊಡದೆ, ಆತನು ಹುಡುಗನಿಗೊಂದು ಪರಿಚಯಪತ್ರವನ್ನು ಬರೆದು ಕೊಟ್ಟು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದನು. 1883ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯು ಇಂದಿಗೂ ಕೋಟೆ ವಿಭಾಗದಲ್ಲಿದೆ. ಅಂದು ಅದರ ಕಾರ್ಯದರ್ಶಿಯಾಗಿದ್ದವರು ಮಿಲರ್ಡ್ ಎಂಬ ಆಂಗ್ಲರು. ಅಳುಕುತ್ತ ಕಾಗದದ ಪೊಟ್ಟಣದಲ್ಲಿ ಸತ್ತ ಹಕ್ಕಿಯನ್ನು ಹಿಡಿದು ನಿಂತ ಹುಡುಗನನ್ನು ಅವರು ಗದರಿಸಲಿಲ್ಲ. ಅದು ಹಳದಿಗತ್ತಿನ ಗುಬ್ಬಿಯೆಂದು ತಿಳಿಸಿ, ಕಪಾಟಿನ ಸೆಳೆಖಾನೆಗಳನ್ನು ಒಂದೊಂದಾಗಿ ಎಳೆದು, ಹುಲ್ಲು ತುಂಬಿಟ್ಟ ನೂರಾರು ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕಗಳನ್ನೂ ಕೊಟ್ಟರು. ಒಂದು ಮಧ್ಯಾಹ್ನದ ಆ ಆದರವು ಮುಂದಿನ ಎಂಬತ್ತು ವರ್ಷಗಳ ದಾರಿಯನ್ನು ತೆರೆಯಿತು.

ಆದರೆ ಆ ದಾರಿಯು ನೇರವಾಗಿರಲಿಲ್ಲ. ಓದಿನಲ್ಲಿ ಸಲೀಮನು ಮುಂದಾಳೇನೂ ಆಗಿರಲಿಲ್ಲ. ತಲೆನೋವಿನ ಕಾಟದಿಂದ ಶಾಲೆ ಆಗಾಗ ತಪ್ಪುತ್ತಿತ್ತು. 1913ರಲ್ಲಿ ಮೆಟ್ರಿಕ್ ಪರೀಕ್ಷೆಯನ್ನು ಹೇಗೋ ಏನೋ ದಾಟಿದನು. ಕಾಲೇಜು ಹಿಡಿಸಲಿಲ್ಲ. ಕುಟುಂಬದವರ ಗಣಿ ಮತ್ತು ಮರದ ವ್ಯವಹಾರವನ್ನು ನೋಡಿಕೊಳ್ಳಲು ಬರ್ಮಾ ದೇಶದ ತಾವೋಯ್‌ಗೆ ಹೋದನು. ಅಲ್ಲಿ ವ್ಯಾಪಾರಕ್ಕಿಂತ ಕಾಡಿನ ಹಕ್ಕಿಗಳೇ ಅವನನ್ನು ಹೆಚ್ಚು ಸೆಳೆದವು. 1917ರಲ್ಲಿ ಮುಂಬಯಿಗೆ ಮರಳಿ ಲೆಕ್ಕಪತ್ರದ ಶಿಕ್ಷಣದೊಂದಿಗೆ ಪ್ರಾಣಿಶಾಸ್ತ್ರವನ್ನೂ ಅಭ್ಯಾಸಮಾಡಿದನು. 1918ರಲ್ಲಿ ತೆಹಮೀನಾ ಎಂಬ ಕನ್ಯೆಯೊಂದಿಗೆ ವಿವಾಹವಾಯಿತು. ವ್ಯಾಪಾರವು ಕೈಹತ್ತಲಿಲ್ಲ.

ಪಕ್ಷಿಗಳ ವಿಷಯದಲ್ಲಿಯೇ ಉದ್ಯೋಗ ದೊರೆಯಬೇಕೆಂಬುದು ಅವರ ಹಂಬಲವಾಗಿದ್ದಿತು. ಭಾರತ ಸರಕಾರದ ಪ್ರಾಣಿಶಾಸ್ತ್ರ ಸಮೀಕ್ಷಣ ಇಲಾಖೆಯಲ್ಲಿ ಒಂದು ಸ್ಥಾನಕ್ಕಾಗಿ ಪ್ರಯತ್ನಿಸಿದರು. ವಿಶ್ವವಿದ್ಯಾಲಯದ ಪದವಿಯಿಲ್ಲವೆಂದು ಅದು ತಪ್ಪಿತು. ನಾವೂ ಮೆಟ್ರಿಕ್ ದರ್ಜೆಯವರೇ ಆದುದರಿಂದ ಈ ಸಂಗತಿಯನ್ನು ಓದುವಾಗ ಒಂದು ಕ್ಷಣ ಪುಸ್ತಕವನ್ನು ಕೆಳಗಿಟ್ಟೆವೆಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಹತ್ತನೆಯ ತರಗತಿಯ ಹುಡುಗರು ಇದನ್ನು ನೆಪಮಾಡಿಕೊಂಡು ಮನೆಯಲ್ಲಿ ವಾದ ಹೂಡಬಾರದು. ಸಲೀಂ ಅಲಿಯವರು ಕಾಲೇಜನ್ನು ಬಿಟ್ಟರೇ ಹೊರತು ಕಲಿಕೆಯನ್ನು ಬಿಟ್ಟವರಲ್ಲ.

1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ, ಎಂದರೆ ಇಂದಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ, ಪ್ರೇಕ್ಷಕರಿಗೆ ಪ್ರಾಣಿಗಳ ವಿಭಾಗವನ್ನು ತೋರಿಸಿ ವಿವರಿಸುವ ಉಪನ್ಯಾಸಕನ ಕೆಲಸ ಸಿಕ್ಕಿತು. ಎರಡು ವರ್ಷ ಕಳೆಯುವುದರೊಳಗೆ, ಸತ್ತ ಹಕ್ಕಿಗಳ ಮುಂದೆ ನಿಂತು ಹೇಳಿದ್ದನ್ನೇ ಹೇಳುವುದು ಅವರಿಗೆ ಬೇಸರ ತಂದಿತು. 1928ರಲ್ಲಿ ರಜೆ ಪಡೆದು ಜರ್ಮನಿಗೆ ಹೋಗಿ, ಬರ್ಲಿನ್ ನಗರದ ಪ್ರಾಣಿಶಾಸ್ತ್ರ ಸಂಗ್ರಹಾಲಯದಲ್ಲಿ ಪ್ರೊಫೆಸರ್ ಎರ್ವಿನ್ ಸ್ಟ್ರೇಸ್‌ಮನ್ ಅವರ ಬಳಿ ಶಿಷ್ಯವೃತ್ತಿ ಮಾಡಿದರು. ಉತ್ತರ ಸಮುದ್ರದ ನಡುವೆಯಿರುವ ಹೆಲಿಗೋಲ್ಯಾಂಡ್ ಎಂಬ ಪುಟ್ಟ ದ್ವೀಪಕ್ಕೂ ಹೋದರು. ವಲಸೆಯ ಕಾಲದಲ್ಲಿ ಸಮುದ್ರವನ್ನು ದಾಟುವ ಹಕ್ಕಿಗಳು ಅಲ್ಲಿ ಇಳಿದು ದಣಿವಾರಿಸಿಕೊಳ್ಳುತ್ತವೆ. ಅವನ್ನು ಮೆಲ್ಲಗೆ ಹಿಡಿದು, ಕಾಲಿಗೆ ಅಂಕಿ ಕೊರೆದ ಹಗುರವಾದ ಬಳೆಯನ್ನು ತೊಡಿಸಿ ಹಾರಿಬಿಡುವ ವಿಧಾನವನ್ನು ಸಲೀಂ ಅಲಿಯವರು ಅಲ್ಲಿ ಕಲಿತರು. ಹಾಗೆ ಬಿಟ್ಟ ಹಕ್ಕಿ ಮತ್ತಾವುದೋ ದೇಶದಲ್ಲಿ ಸಿಕ್ಕಿದರೆ ಅದರ ಪಯಣದ ಹಾದಿ ತಿಳಿಯುತ್ತದೆ.

ಇಷ್ಟೆಲ್ಲ ಕಲಿತು 1930ರಲ್ಲಿ ಹಿಂದಿರುಗಿದಾಗ ಮುಂಬಯಿಯಲ್ಲಿ ಅವರಿಗೆ ಕೆಲಸವೇ ಇರಲಿಲ್ಲ. ಹಣದ ಅಭಾವದಿಂದ ಆ ಉಪನ್ಯಾಸಕನ ಸ್ಥಾನವನ್ನೇ ತೆಗೆದುಹಾಕಿದ್ದರು. ವಯಸ್ಸು ಮೂವತ್ತಮೂರು ದಾಟಿತ್ತು. ಪದವಿಯಿಲ್ಲ, ಸಂಬಳವಿಲ್ಲ, ಕಲಿತ ವಿದ್ಯೆಯನ್ನು ಕೊಳ್ಳುವವರಿಲ್ಲ. ನೌಕರಿ ಹೋದ ಮನೆಯಲ್ಲಿ ತಿಂಗಳ ಮೊದಲನೆಯ ತಾರೀಕು ಹೇಗಿರುತ್ತದೆಂಬುದನ್ನು ಈ ನಗರದ ಮಕ್ಕಳಿಗೆ ವಿವರಿಸಬೇಕಾದುದಿಲ್ಲ; ಗಿರಣಿಗಳು ಮುಚ್ಚಿದ ಕಥೆಯನ್ನು ಅಜ್ಜಂದಿರಿಂದ ಕೇಳಿದವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಬೇರೆ ತಕ್ಕ ಕೆಲಸವು ದೊರೆಯದೆ ಪತಿಪತ್ನಿಯರು ಮುಂಬಯಿಯನ್ನು ಬಿಟ್ಟು ಕೊಲ್ಲಿಯಾಚೆಯ ಕಿಹಿಮ್ ಹಳ್ಳಿಗೆ ಹೋಗಿ ನೆಲೆಸಿದರು.

ಕೊಂಕಣದ ಮಳೆಗಾಲವನ್ನು ಕಂಡವರಿಗೆ ಗೊತ್ತು, ಜೂನ್ ಬಂದಿತೆಂದರೆ ಕಡಲು ಬಾಗಿಲು ಹಾಕಿಕೊಳ್ಳುತ್ತದೆ. ಮೀನುಗಾರರು ದೋಣಿಗಳನ್ನು ದಂಡೆಗೆಳೆದು ಮಡಲಿನ ಮರೆ ಕಟ್ಟುತ್ತಾರೆ. ನೀರು ಕೆಂಪಾಗಿ, ತೆರೆಗಳ ಮೊರೆತದಲ್ಲಿ ಮಾತು ಕೇಳಿಸದಂತಾಗುತ್ತದೆ. ನಗರದಿಂದ ಹವಾ ತಿನ್ನಲು ಬರುವವರು ಆ ಕಾಲದಲ್ಲಿ ಅತ್ತ ಸುಳಿಯುವುದಿಲ್ಲ. ಆದರೆ ಗೀಜಗನಿಗೆ ಅದೇ ಸುಗ್ಗಿ. ಗದ್ದೆಯಲ್ಲಿ ಭತ್ತದ ಸಸಿ ಎದ್ದು ನಿಲ್ಲುತ್ತಲೇ ಗೂಡಿಗೆ ಬೇಕಾದ ಹಸಿಯ ಎಳೆ ಹೇರಳವಾಗಿ ಸಿಗುತ್ತದೆ, ಮರಿಗಳಿಗೆ ಉಣಿಸಲು ಹುಳುಗಳೂ ಆಗಲೇ ಹೆಚ್ಚು. ಕೆಲಸವಿಲ್ಲದ ಮನುಷ್ಯನೂ ಬಿಡುವಿಲ್ಲದ ಹಕ್ಕಿಯೂ ಹೀಗೆ ಒಂದೆಡೆ ಸೇರಿದರು.

ಗೀಜಗವು ಅಪರೂಪದ ಹಕ್ಕಿಯಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಗುಬ್ಬಿಯ ಗಾತ್ರ, ಮಳೆಗಾಲದಲ್ಲಿ ಗಂಡಿನ ನೆತ್ತಿ ಮತ್ತು ಎದೆ ಹಳದಿಯಾಗಿ ಮುಖವು ಕಪ್ಪಾಗುತ್ತದೆ, ಹೆಣ್ಣು ಸದಾ ಮಾಸಲು ಕಂದು. ನಮ್ಮ ದೇಶದಲ್ಲಿ ಅದರ ಗೂಡನ್ನು ಕಾಣದ ಹಳ್ಳಿಗರು ಕಡಿಮೆ. ಕತ್ತಲೆಯಲ್ಲಿ ಬೆಳಕಿಗಾಗಿ ಅದು ಗೂಡಿನೊಳಗೆ ಕೆಸರು ಮೆತ್ತಿ ಅದರಲ್ಲಿ ಮಿಂಚುಹುಳವನ್ನು ಅಂಟಿಸುತ್ತದೆಂಬ ಕಥೆಯನ್ನು ನೀವೂ ಕೇಳಿರಬಹುದು. ಎಲ್ಲರೂ ಕಂಡ ಹಕ್ಕಿಯಾದುದರಿಂದಲೇ ಅದನ್ನು ಕುಳಿತು ನೋಡುವ ತಾಳ್ಮೆ ಬಹುಮಂದಿಗೆ ಇರಲಿಲ್ಲ. ಅರೆಗೂಡುಗಳು ಗಂಡಿನ ಉಯ್ಯಾಲೆಗಳೆಂದು ಹಳ್ಳಿಗರು ಮಾತ್ರವಲ್ಲ, ಹಿಂದಿನ ಪಕ್ಷಿಶಾಸ್ತ್ರದ ಗ್ರಂಥಕರ್ತರೂ ನಂಬಿದ್ದರು.

ಸಲೀಂ ಅಲಿಯವರು ಗೂಡುಗಳ ಸಮೀಪದಲ್ಲಿ ಮರೆಯಾಗಿ ಕುಳಿತು, ಯಾವ ಗೂಡಿನಲ್ಲಿ ಎಂದು ಏನು ನಡೆಯಿತೆಂಬುದನ್ನು ಬರೆದುಕೊಳ್ಳುತ್ತ ಹೋದರು. ದಿನಗಳು ವಾರಗಳಾದವು. ಅವರಿಗೆ ಕಂಡುದು ಇದು. ಮೊದಲು ಗಂಡುಗಳು ಗುಂಪಾಗಿ ಬಂದು ಮರವನ್ನು ಆರಿಸುತ್ತವೆ. ಎಲೆಯ ಅಂಚನ್ನು ಕೊಕ್ಕಿನಿಂದ ಕಚ್ಚಿ, ಹಾರುತ್ತ ಉದ್ದನೆಯ ಎಳೆಯನ್ನು ಸೀಳಿ ತರುತ್ತವೆ. ನೂರಾರು ಸಲ ಹೀಗೆ ತಂದ ಎಳೆಗಳನ್ನು ಗಂಟುಹಾಕಿ ನೇಯುತ್ತವೆ. ಆಗ ಆಗುವುದೇ ಆ ಟೊಪ್ಪಿಗೆಯಂತಹ ಅರೆಗೂಡು. ಈ ಹಂತಕ್ಕೆ ಬಂದ ಮೇಲೆ ಒಂದು ದಿನ ಹೆಣ್ಣುಗಳು ಬಂದಿಳಿಯುತ್ತವೆ. ಗಂಡುಗಳೆಲ್ಲ ರೆಕ್ಕೆ ಬಡಿದು ಕೂಗಿ ತಮ್ಮ ತಮ್ಮ ಗೂಡಿಗೆ ಆಹ್ವಾನಿಸುತ್ತವೆ. ಹೆಣ್ಣು ಗೂಡಿನೊಳಗೆ ಹೊಕ್ಕು, ಎಳೆಗಳನ್ನು ಕೊಕ್ಕಿನಿಂದ ಜಗ್ಗಿ, ಬಾಡಿಗೆ ಮನೆಯನ್ನು ನೋಡಲು ಬಂದ ಗೃಹಿಣಿಯಂತೆ ಮೂಲೆಮೂಲೆಗಳನ್ನು ಪರೀಕ್ಷಿಸುತ್ತದೆ. ಒಪ್ಪಿಗೆಯಾದರೆ ಅಲ್ಲಿ ನೆಲಸುತ್ತದೆ. ಆಗ ಗಂಡು ಮೊಟ್ಟೆಯ ಕೋಣೆಯನ್ನು ಮುಚ್ಚಿ, ಪ್ರವೇಶದ ಕೊಳವೆಯನ್ನು ಇಳಿಬಿಟ್ಟು ಗೂಡನ್ನು ಪೂರ್ಣಗೊಳಿಸುತ್ತದೆ. ಒಪ್ಪಿಗೆಯಾಗದಿದ್ದರೆ ಹೆಣ್ಣು ಮುಂದಿನ ಗೂಡಿಗೆ ಹಾರುತ್ತದೆ. ಯಾವ ಹೆಣ್ಣೂ ಒಪ್ಪದ ಗೂಡು ಅರ್ಧಕ್ಕೇ ಉಳಿಯುತ್ತದೆ.

ನಮ್ಮ ಮಕ್ಕಳು ಎತ್ತಿ ತಂದುದು ಉಯ್ಯಾಲೆಯಲ್ಲ. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಮನೆ.

ಇನ್ನೂ ಒಂದು ಸಂಗತಿಯನ್ನು ಅವರು ಕಂಡರು. ಹೆಣ್ಣು ಮೊಟ್ಟೆಯಿಟ್ಟು ಕಾವು ಕೊಡಲು ಕುಳಿತೊಡನೆ ಗಂಡು ಆ ಸಂಸಾರವನ್ನು ಅದಕ್ಕೇ ಬಿಟ್ಟು ಹತ್ತಿರದಲ್ಲೇ ಇನ್ನೊಂದು ಗೂಡಿಗೆ ತೊಡಗುತ್ತದೆ, ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಹೀಗೆ ಒಂದೇ ಋತುವಿನಲ್ಲಿ ಒಂದಾದ ಮೇಲೊಂದರಂತೆ ಹಲವು ಸಂಸಾರಗಳು. ಗೀಜಗನ ಜೀವನಕ್ರಮವು ಹೀಗೆಂದು ಅದುವರೆಗೆ ಯಾರೂ ಸ್ಪಷ್ಟವಾಗಿ ತೋರಿಸಿರಲಿಲ್ಲ. 1931ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಈ ಲೇಖನವು ಪ್ರಕಟವಾಗಿ, ಕೆಲಸ ಕಳೆದುಕೊಂಡಿದ್ದ ಮನುಷ್ಯನ ಹೆಸರನ್ನು ಪಕ್ಷಿಶಾಸ್ತ್ರಜ್ಞರ ನಡುವೆ ನೆಲೆಗೊಳಿಸಿತು.

ಸಂಬಳದ ಕೆಲಸವು ಅನಂತರವೂ ಬೇಗನೆ ಬರಲಿಲ್ಲ. ಸಲೀಂ ಅಲಿಯವರು ದೇಶೀಯ ಸಂಸ್ಥಾನಗಳ ಮುಂದೆ ಒಂದು ಸಲಹೆಯನ್ನಿಟ್ಟರು: ಪ್ರವಾಸದ ವೆಚ್ಚವನ್ನು ಕೊಟ್ಟರೆ ಸಾಕು, ವೇತನವಿಲ್ಲದೆ ಸಂಸ್ಥಾನದ ಪಕ್ಷಿಗಳನ್ನೆಲ್ಲ ಸಮೀಕ್ಷೆ ಮಾಡಿಕೊಡುತ್ತೇನೆಂದು. ಹೈದರಾಬಾದು ಮೊದಲು ಒಪ್ಪಿತು. ತಿರುವಾಂಕೂರು, ಕೊಚ್ಚಿ ಮೊದಲಾದುವು ಹಿಂಬಾಲಿಸಿದವು. ಎತ್ತಿನ ಗಾಡಿ, ಡೇರೆ, ಕಾಡಿನ ಬಂಗಲೆ. ಎಲ್ಲೆಡೆಯೂ ತೆಹಮೀನಾ ಜೊತೆಗಿದ್ದರು. 1939ರಲ್ಲಿ ಒಂದು ಸಾಮಾನ್ಯ ಶಸ್ತ್ರಚಿಕಿತ್ಸೆಯ ಬಳಿಕ ಆಕೆ ತೀರಿಕೊಂಡರು. ಆಮೇಲೆ ಸಲೀಂ ಅಲಿಯವರು ಮತ್ತೆ ಮದುವೆಯಾಗಲಿಲ್ಲ. ಬಾಂದ್ರಾದ ಪಾಲಿ ಹಿಲ್‌ನಲ್ಲಿ ಸೋದರಿಯ ಮನೆ ಅವರ ಮನೆಯಾಯಿತು. ವರ್ಷದ ಬಹುಭಾಗ ಹೊರಗೇ ಕಳೆಯುತ್ತಿತ್ತು.

ಕನ್ನಡನಾಡಿಗೂ ಅವರ ಋಣವಿದೆ. ಅವರ ಮೈಸೂರು ಸಂಸ್ಥಾನದ ಪಕ್ಷಿಗಳ ವರದಿಯು 1942-43ರಲ್ಲಿ ಪ್ರಕಟವಾಯಿತು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆ, ಬೆಳ್ಳಕ್ಕಿಗಳು ಗೂಡು ಕಟ್ಟುವುದನ್ನು ಕಂಡು, ಆ ಸ್ಥಳವನ್ನು ರಕ್ಷಿಸಬೇಕೆಂದು ಮೈಸೂರಿನ ಅರಸರ ಮನವೊಲಿಸಿದರು. 1940ರಲ್ಲಿ ಅದು ರಂಗನತಿಟ್ಟು ಪಕ್ಷಿಧಾಮವಾಯಿತು. ಬೇಸಿಗೆಯ ರಜೆಯಲ್ಲಿ ಮೈಸೂರಿಗೆ ಹೋಗಿ ದೋಣಿಯಲ್ಲಿ ಕುಳಿತು ಅಲ್ಲಿಯ ಹಕ್ಕಿಗಳನ್ನು ನೋಡಿ ಬಂದವರು ನಿಮ್ಮಲ್ಲಿ ಇದ್ದೀರಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮನುಷ್ಯರೂ ಒಂದು ಹೊಸ ಜ್ವರದಿಂದ ಸತ್ತರು. ಅದನ್ನೇ ಮಂಗನ ಕಾಯಿಲೆ ಎನ್ನುತ್ತಾರೆ. ಸೈಬೀರಿಯಾದಿಂದ ಬರುವ ವಲಸೆಹಕ್ಕಿಗಳ ಮೈಮೇಲಿನ ಉಣ್ಣೆಗಳು ಈ ರೋಗವನ್ನು ತಂದವೋ ಎಂಬ ಸಂಶಯ ಹುಟ್ಟಿತು. ಹೆಲಿಗೋಲ್ಯಾಂಡ್ ದ್ವೀಪದಲ್ಲಿ ಕಲಿತ ವಿದ್ಯೆಯು ಆಗ ಉಪಯೋಗಕ್ಕೆ ಬಂದಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಿಂದ ಸಲೀಂ ಅಲಿಯವರೂ ಅವರ ಶಿಷ್ಯರೂ ಸಹಸ್ರಾರು ಹಕ್ಕಿಗಳನ್ನು ಹಿಡಿದು, ಪರೀಕ್ಷಿಸಿ, ಬಳೆ ತೊಡಿಸಿ ಬಿಟ್ಟರು. ರೋಗವನ್ನು ತಂದ ಅಪವಾದವು ಹಕ್ಕಿಗಳ ಮೇಲೆ ನಿಲ್ಲಲಿಲ್ಲ.

ಕಡಲತೀರವು ಅವರನ್ನು ಕೊನೆಯವರೆಗೂ ಕರೆಯುತ್ತಲೇ ಇದ್ದಿತು. ಕಚ್ಛದ ಉಪ್ಪಿನ ರಣದಲ್ಲಿ ಲಕ್ಷಗಟ್ಟಲೆ ರಾಜಹಂಸಗಳು ಕೆಸರಿನ ಗೂಡು ಕಟ್ಟುವ ಸ್ಥಳಕ್ಕೆ 1945ರಲ್ಲಿ ಹೋಗಿ ಬಂದರು. ತಮಿಳುನಾಡಿನ ಕೋಡಿಯಕ್ಕರೈ ಭೂಶಿರದ ಉಪ್ಪುನೀರಿನ ಬಯಲಿನ ಮಹತ್ವವನ್ನು ಎತ್ತಿ ತೋರಿಸಿದರು. 1967ರಲ್ಲಿ ಅದು ಅಭಯಾರಣ್ಯವಾಯಿತು. ರಾಜಹಂಸಗಳನ್ನು ನೋಡಲು ನೀವು ಕಚ್ಛದವರೆಗೆ ಹೋಗಬೇಕಾದುದಿಲ್ಲ. ಚಳಿಗಾಲದಿಂದ ಬೇಸಿಗೆಯವರೆಗೆ ನಮ್ಮ ಶಿವಡಿಯ ಕೆಸರುಬಯಲಿಗೂ ಠಾಣೆಯ ಖಾರಿಗೂ ಅವು ಸಾವಿರಗಟ್ಟಲೆ ಬರುತ್ತವೆ. ಇಳಿತದ ವೇಳೆಯನ್ನು ನೋಡಿಕೊಂಡು ಹೋಗಬೇಕು, ಅಷ್ಟೆ.

ಕೋವಿಯ ಮಾತನ್ನೂ ಹೇಳಿಬಿಡಬೇಕು. ಸಲೀಂ ಅಲಿಯವರು ಶಾಸ್ತ್ರಾಭ್ಯಾಸಕ್ಕಾಗಿ ಅನೇಕ ಹಕ್ಕಿಗಳನ್ನು ಹೊಡೆದಿದ್ದಾರೆ. ಆ ಕಾಲದ ಪದ್ಧತಿ ಅದಾಗಿದ್ದಿತು, ಅವರು ಅದನ್ನು ಮರೆಮಾಚಲೂ ಇಲ್ಲ. ನಮಗೆ ಅದು ಇಂದಿಗೂ ಪೂರ್ಣವಾಗಿ ಸಮಾಧಾನ ತರುವುದಿಲ್ಲ. ಆದುದರಿಂದಲೇ ಅವರ ಎಲ್ಲ ಕೆಲಸಗಳಲ್ಲಿ ಕಿಹಿಮ್‌ನ ಆ ಮಳೆಗಾಲವು, ಕಣ್ಣು ಮತ್ತು ಕಾಗದಗಳಿಂದ ನಡೆದ ಆ ಕೆಲಸವು, ನಮಗೆ ಅತಿ ಪ್ರಿಯವಾಗಿದೆ.

ಉಳಿದುದು ಪ್ರಸಿದ್ಧವಾಗಿದೆ. 1941ರಲ್ಲಿ ಭಾರತದ ಹಕ್ಕಿಗಳ ಬಗ್ಗೆ ಸಾಮಾನ್ಯ ಓದುಗರಿಗಾಗಿ ಬರೆದ ಸಚಿತ್ರ ಪುಸ್ತಕ. ಅಮೆರಿಕದ ಡಿಲನ್ ರಿಪ್ಲೆಯವರೊಡನೆ ರಚಿಸಿ 1968ರಿಂದ 1974ರವರೆಗೆ ಹೊರತಂದ ಹತ್ತು ಸಂಪುಟಗಳ ಮಹಾಗ್ರಂಥ. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆಯ ಸದಸ್ಯತ್ವ. ಹುಡುಗರಿಗೆ ಇವೆಲ್ಲಕ್ಕಿಂತ ರುಚಿಸುವ ಸಂಗತಿ ಒಂದಿದೆ: ಅವರಿಗೆ ಮೋಟಾರ್ ಸೈಕಲ್ಲಿನ ಹುಚ್ಚು ಇದ್ದಿತು. 1950ರಲ್ಲಿ ಸ್ವೀಡನ್ ದೇಶದಲ್ಲಿ ನಡೆದ ಪಕ್ಷಿಶಾಸ್ತ್ರಜ್ಞರ ಸಮ್ಮೇಳನಕ್ಕೆ, ಐವತ್ತಮೂರರ ಪ್ರಾಯದಲ್ಲಿ, ತಮ್ಮ ಸನ್‌ಬೀಮ್ ಗಾಡಿಯನ್ನು ಹಡಗಿನಲ್ಲಿ ಸಾಗಿಸಿ ಯುರೋಪಿನ ರಸ್ತೆಗಳಲ್ಲಿ ಓಡಿಸಿಕೊಂಡು ಹೋದರು. ಭಾರತದಿಂದಲೇ ಅದರ ಮೇಲೆ ಬಂದರೆಂದು ಅಲ್ಲಿ ಕೆಲವರು ತಿಳಿದರಂತೆ. 1987ರಲ್ಲಿ, ತೊಂಬತ್ತು ವರ್ಷ ತುಂಬಿದ್ದ ಅವರು ಮುಂಬಯಿಯಲ್ಲಿಯೇ ನಿಧನರಾದರು.

ದೀಪಾವಳಿಯ ರಜೆ ಕಳೆದು ಶಾಲೆ ತೆರೆದ ದಿನ, ನಾವು ಎಂಟನೆಯ ತರಗತಿಯಲ್ಲಿ ನಮ್ಮ ತಪ್ಪನ್ನು ಒಪ್ಪಿಕೊಂಡು ಸರಿಯಾದ ಉತ್ತರವನ್ನು ಹೇಳಿದೆವು. ಗೂಡನ್ನು ತಂದ ಹುಡುಗಿಗೆ ಅದೂ ಸಾಲಲಿಲ್ಲ. ಇಷ್ಟು ಚೆನ್ನಾಗಿರುವ ಗೂಡನ್ನು ಹೆಣ್ಣು ಏಕೆ ಬೇಡವೆಂದಿತು ಎಂದು ಕೇಳಿದಳು. ಈ ಸಲ ನಾವು ಊರಿನ ಹಿರಿಯರನ್ನು ನೆನೆಯದೆ, ತಿಳಿಯದೆಂದು ಹೇಳಿದೆವು. ಮುಂದಿನ ಜೂನ್ ಬಂದಾಗ ನೋಡೋಣವೆಂದು ತೀರ್ಮಾನವಾಗಿದೆ. ಅರೆಗೂಡು ಈಗ ವಿಜ್ಞಾನದ ಕಪಾಟಿನಲ್ಲಿದೆ. ಅದರ ಒಳಬದಿಯಲ್ಲಿ ಒಣಗಿದ ಕೆಸರಿನ ಏಳು ಉಂಡೆಗಳಿವೆ; ಎಣಿಸಿದವಳು ಆ ಹುಡುಗಿಯೇ. ಮಿಂಚುಹುಳ ಒಂದೂ ಸಿಕ್ಕಲಿಲ್ಲ.